ಬಾಣಂತನ ಮುಗಿದ ಮೇಲೆ

ಕೂಸನ್ನು ಕಂಕುಳಲ್ಲಿಟ್ಟುಕೊಂಡು ಬಸ್ಸು ಹತ್ತಿದ ತಾಯಿಗೆ ನಮ್ಮ ಕಡೆ ಜಾಗ ಸಿಗದೆ ಹೋಗುವುದಿಲ್ಲ. ಶಿಡ್ಲಘಟ್ಟದಿಂದ ಚಿಕ್ಕಬಳ್ಳಾಪುರಕ್ಕೆ ಹೊರಟ ಬಸ್ಸಿನಲ್ಲಿ ಎಷ್ಟೇ ನೂಕುನುಗ್ಗಲಿದ್ದರೂ ಯಾರಾದರೊಬ್ಬರು ಸರಿದು ಕೂರುತ್ತಾರೆ, ಮಗುವಿಗೆ ಗಾಳಿ ಬಡಿಯದಿರಲಿ ಎಂದು ಕಿಟಕಿಯ ಗಾಜು ಎಳೆಯುತ್ತಾರೆ. ಆಮೇಲೆ ಮಾತು ಶುರುವಾಗುತ್ತದೆ. “ಎಷ್ಟು ತಿಂಗಳಮ್ಮಾ?” “ಹತ್ತು ತುಂಬ್ತು ಅಕ್ಕ.” “ಹತ್ತು ತಿಂಗಳ ಕೂಸು ಇಷ್ಟೇನಾ ಇರೋದು? ಹಾಲು ಸಾಲ್ತಿಲ್ವಾ?” ಕೇಳಿದವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇಲ್ಲ. ಅವರೂ ಮಕ್ಕಳನ್ನು ಹೆತ್ತು ಸಾಕಿದವರೇ. ಆದರೆ ಆ ತಾಯಿ ಸೆರಗನ್ನು ಮಗುವಿನ ಸಣಕಲು ಕಾಲಿನ ಮೇಲೆ ಇನ್ನಷ್ಟು ಎಳೆದುಕೊಂಡು ಆಚೆ ಮುಖ ತಿರುಗಿಸುತ್ತಾಳೆ. ಇದೇ ಪ್ರಶ್ನೆಯನ್ನು ಅವಳು ಮನೆಯಲ್ಲಿ ಅತ್ತೆಯಿಂದ ಕೇಳಿದ್ದಾಳೆ, ಮದುವೆಮನೆಯಲ್ಲಿ ನೆಂಟರಿಂದ ಕೇಳಿದ್ದಾಳೆ. ತಿಂಗಳಿಗೊಮ್ಮೆ ಅಂಗನವಾಡಿಯಲ್ಲಿ ತೂಕ ಮಾಡುವ ದಿನ, ಯಾರೂ ಬಾಯಿಬಿಟ್ಟು ಹೇಳದಿದ್ದರೂ, ತಕ್ಕಡಿಯ ಮುಳ್ಳು ತನ್ನನ್ನೇ ನೋಡುತ್ತಿದೆ ಎಂದು ಅವಳಿಗೆ ಅನ್ನಿಸಿರುತ್ತದೆ.

ಮಗುವಿನ ತೂಕ ನೋಡಿ ತಾಯಿಯ ಗುಣ ಅಳೆಯುವ ಈ ಅಭ್ಯಾಸ ನಮ್ಮಲ್ಲಿ ಬಹಳ ಹಳೆಯದು. ಸ್ವಲ್ಪ ನಿಂತು ಲೆಕ್ಕ ನೋಡಿದರೆ ಅದು ನಿಲ್ಲುವುದಿಲ್ಲ. 2019-20ರ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ ಸುಮಾರು 35 ಮಕ್ಕಳಿಗೆ ವಯಸ್ಸಿಗೆ ತಕ್ಕ ಎತ್ತರವಿಲ್ಲ, ಸುಮಾರು 33 ಮಕ್ಕಳಿಗೆ ತಕ್ಕ ತೂಕವಿಲ್ಲ. ಅಂದರೆ ಹೆಚ್ಚುಕಡಿಮೆ ಮೂರು ಮಕ್ಕಳಲ್ಲೊಂದು ಇಂಥ ಮಗು. ಮೂವರು ತಾಯಂದಿರಲ್ಲಿ ಒಬ್ಬಳು ಮಗುವಿನ ಬಗ್ಗೆ ಅಸಡ್ಡೆ ಮಾಡುವವಳು ಎಂದು ಯಾರಾದರೂ ನಂಬುತ್ತಾರೆಯೇ? ಇಷ್ಟೊಂದು ಮನೆಗಳಲ್ಲಿ ಒಂದೇ ತೊಂದರೆ ಕಾಣುತ್ತಿದ್ದರೆ ಅದರ ಕಾರಣವನ್ನು ಒಬ್ಬೊಬ್ಬಳ ಮಡಿಲಿನಲ್ಲಿ ಹುಡುಕುವುದು ನ್ಯಾಯವಲ್ಲ. ಎಲ್ಲ ಮನೆಗಳಿಗೂ ಸಮಾನವಾದದ್ದು ಏನಿದೆ ಎಂದು ನೋಡಬೇಕು.

ಆರೋಗ್ಯ ಇಲಾಖೆಯ ತಾಯಿ ಕಾರ್ಡು ನಿಮ್ಮ ಮನೆಯಲ್ಲೂ ಇರಬಹುದು. ಅದರಲ್ಲಿ ಮಗುವಿನ ತೂಕದ ಗೆರೆ ಎಳೆಯುವ ಹಾಳೆಯೊಂದಿದೆ. ಚೆನ್ನಾಗಿ ಹುಟ್ಟಿದ ಮಗು ಐದು ತಿಂಗಳ ಹೊತ್ತಿಗೆ ಹುಟ್ಟಿದಾಗಿನ ಎರಡರಷ್ಟು, ವರ್ಷ ತುಂಬುವಾಗ ಮೂರರಷ್ಟು ತೂಗಬೇಕು. ಎಷ್ಟೋ ಕಾರ್ಡುಗಳಲ್ಲಿ ಮೊದಲ ಕೆಲವು ತಿಂಗಳು ಆ ಗೆರೆ ಏರಿಕೊಂಡೇ ಹೋಗಿ, ಆರನೆಯ ತಿಂಗಳ ಆಚೀಚೆ ಮಂಕಾಗಿ ಮಲಗಿಬಿಡುತ್ತದೆ. ವೈದ್ಯರು ಹೇಳುವ ಕಾರಣ ಎಲ್ಲರಿಗೂ ಗೊತ್ತು: ಅಲ್ಲಿಂದಾಚೆಗೆ ಬರೀ ಮೊಲೆಹಾಲು ಸಾಲದು, ಮೇಲೂಟ ಬೇಕು. ಅದರ ಜೊತೆಗೆ ಇನ್ನೊಂದು ಸಂಗತಿಯೂ ಹೆಚ್ಚುಕಡಿಮೆ ಅದೇ ಹೊತ್ತಿಗೆ ನಡೆಯುತ್ತದೆ. ಅದನ್ನು ಬರೆದುಕೊಳ್ಳಲು ಕಾರ್ಡಿನಲ್ಲಿ ಜಾಗವಿಲ್ಲ. ಬಾಣಂತನ ಮುಗಿಯುತ್ತದೆ.

ಬಾಣಂತನದ ಬಗ್ಗೆ ಹೊಸ ಕಾಲದವರು ಆಡಿಕೊಳ್ಳುವುದುಂಟು. ನೀರು ಕಡಿಮೆ ಕೊಡುವುದು, ಸೊಪ್ಪು ತರಕಾರಿ ಪಥ್ಯವೆಂದು ದೂರವಿಡುವುದು, ಹೊಗೆಯ ಕೋಣೆಯಲ್ಲಿ ಮಲಗಿಸುವುದು, ಇವೆಲ್ಲ ಬಿಡಬೇಕಾದವೇ. ಆದರೆ ಅದರ ತಿರುಳು ಎಷ್ಟು ವಿವೇಕದ್ದು ಎಂಬುದನ್ನು ಮರೆಯಬಾರದು. ಹೆತ್ತವಳು ತವರಿನಲ್ಲಿರುತ್ತಾಳೆ. ಅವಳ ಕೈಗೆ ಬಿಸಿ ಊಟ ಬರುತ್ತದೆ. ಕೂಸಿಗೆ ನೀರೆರೆಯಲು ಅಜ್ಜಿಯಿದ್ದಾಳೆ, ರಾತ್ರಿ ಅತ್ತರೆ ಎತ್ತಿಕೊಳ್ಳಲು ತಾಯಿಯಿದ್ದಾಳೆ. ಹಾಲು ಕುಡಿಸುವುದು ಬಿಟ್ಟರೆ ಬೇರೆ ಕೆಲಸ ಅವಳಿಗಿಲ್ಲ. ಒಂದು ಜೀವವನ್ನು ಸಾಕುವುದು ಒಬ್ಬರ ಕೈಯಲ್ಲಾಗುವ ಕೆಲಸವಲ್ಲ ಎಂದು ಹಿರಿಯರು ತಿಳಿದು ಮಾಡಿದ ಏರ್ಪಾಡು ಅದು. ಮೂರನೆಯ ತಿಂಗಳಿಗೋ ಐದನೆಯ ತಿಂಗಳಿಗೋ ಒಳ್ಳೆಯ ದಿನ ನೋಡಿ, ಮಡಿಲು ತುಂಬಿ, ತೊಟ್ಟಿಲ ಸಮೇತ ಅವಳನ್ನು ಗಂಡನ ಮನೆಗೆ ಕಳಿಸುತ್ತೇವೆ. ಅಲ್ಲಿ ಹಿಪ್ಪುನೇರಳೆ ತೋಟ, ರೇಷ್ಮೆ ಹುಳುವಿನ ಮನೆ, ಎರಡು ಹಸು, ಒಲೆ. ಬಂದ ವಾರದಲ್ಲೇ ಎಲ್ಲವೂ ಅವಳ ಹೆಗಲಿಗೆ. ಮಗುವಿಗೆ ತಿನ್ನಿಸುವುದು ಸುಲಭವಾಗಿದ್ದ ದಿನಗಳಲ್ಲಿ ಹತ್ತು ಕೈಗಳಿದ್ದವು. ಅದು ಕಷ್ಟವಾಗುವ ದಿನ ಬಂದಾಗ ಇರುವುದು ಎರಡೇ ಕೈ.

ಎಳೆಯ ಜೀವ ಸಾಕಲು ಹೆಚ್ಚು ಕೈ ಬೇಕೆಂಬ ವಿಷಯದಲ್ಲಿ ನಮ್ಮ ಜಿಲ್ಲೆಯ ರೈತರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಶಿಡ್ಲಘಟ್ಟದ ರೇಷ್ಮೆ ಗೂಡಿನ ಮಾರುಕಟ್ಟೆಗೆ ಗೂಡು ತರುವ ಪ್ರತಿಯೊಬ್ಬರಿಗೂ ಚಾಕಿ ಎಂದರೇನೆಂದು ಗೊತ್ತು. ಮೊಟ್ಟೆಯೊಡೆದು ಬಂದ ಹುಳುವಿನ ಮೊದಲೆರಡು ಹಂತ ಅದು. ಎಳೆಯ ಸೊಪ್ಪನ್ನೇ ಆರಿಸಿ, ಸಣ್ಣಗೆ ಹೆಚ್ಚಿ, ಹೊತ್ತುಹೊತ್ತಿಗೆ ಹಾಕಬೇಕು. ಶಾಖ 27-28 ಡಿಗ್ರಿ ದಾಟಬಾರದು, ತೇವ ಇಳಿಯಬಾರದು. ಇಷ್ಟು ನಾಜೂಕಿನ ಕೆಲಸವನ್ನು ಒಂಟಿ ಮನೆ ನಿಭಾಯಿಸುವುದು ಕಷ್ಟವೆಂದು ಈಗ ಊರೂರಲ್ಲಿ ಚಾಕಿ ಸಾಕಾಣಿಕೆ ಕೇಂದ್ರಗಳಿವೆ. ಎರಡನೆಯ ಜ್ವರ (ಪೊರೆ ಕಳಚುವ ಹಂತ) ಎದ್ದ ಹುಳುವನ್ನೇ ರೈತರು ಮನೆಗೆ ತರುತ್ತಾರೆ. ಗೂಡು ಹಗುರವಾದರೆ ಸೊಪ್ಪು ನೋಡುತ್ತಾರೆ, ಹವೆ ನೋಡುತ್ತಾರೆ, ಚಾಕಿ ಎಲ್ಲಿಯದೆಂದು ವಿಚಾರಿಸುತ್ತಾರೆ. ಹುಳುವಿನ ವಿಷಯದಲ್ಲಿ ಇಷ್ಟು ನ್ಯಾಯವಂತರಾದ ನಾವು ಕೂಸಿನ ವಿಷಯ ಬಂದಾಗ ಮಾತ್ರ ನೇರವಾಗಿ ತಾಯಿಯ ಮುಖ ನೋಡುತ್ತೇವೆ.

ಹಾಗೆಂದು ತವರಿನ ದಿನಗಳಲ್ಲಿ ತೊಂದರೆಯೇ ಇಲ್ಲವೆಂದಲ್ಲ. ಎರಡೂವರೆ ಕಿಲೋಗಿಂತ ಕಡಿಮೆ ತೂಕದಲ್ಲಿ ಹುಟ್ಟಿದ ಕೂಸಿಗೆ ಮೊಲೆ ಚೀಪುವ ಕಸುವು ಎಷ್ಟೋ ಸಲ ಕಡಿಮೆ ಇರುತ್ತದೆ. ಎರಡು ಗುಟುಕಿಗೇ ನಿದ್ದೆಹೋಗುತ್ತದೆ, ಅರ್ಧ ಗಂಟೆಗೆ ಹಸಿದು ಅಳುತ್ತದೆ. ಮನೆಯವರು “ಇವಳಿಗೆ ಹಾಲಿಲ್ಲ” ಎಂದು ತೀರ್ಮಾನಿಸಿ ಡಬ್ಬಿಯ ಪುಡಿ, ಸೀಸೆ ತಂದಿಡುತ್ತಾರೆ. ಮೊಲೆಹಾಲು ಮಗು ಎಳೆದಷ್ಟೂ ಊರುವಂಥದ್ದು. ಸೀಸೆ ಬಂದ ಮೇಲೆ ಮಗು ಎಳೆಯುವುದು ತಗ್ಗುತ್ತದೆ, ಹಾಲೂ ತಗ್ಗುತ್ತದೆ. ಇಲ್ಲದಿದ್ದ ಕೊರತೆ ನಾಲ್ಕು ದಿನದಲ್ಲಿ ನಿಜವಾಗಿಬಿಡುತ್ತದೆ. ಆ ನಾಲ್ಕು ದಿನ ಪಕ್ಕದಲ್ಲಿ ತಿಳಿದವರೊಬ್ಬರು ಕೂತು, ಕೂಸಿನ ಮೈಯನ್ನು ಪೂರ್ತಿ ತಾಯಿಯ ಕಡೆ ತಿರುಗಿಸಿ, ಬಾಯಿ ಅಗಲವಾಗಿ ತೆರೆದು ತೊಟ್ಟಿನ ಸುತ್ತಲ ಕಪ್ಪು ಭಾಗವೂ ಬಾಯೊಳಗೆ ಹೋಗುವಂತೆ ಹಿಡಿಸಿದರೆ ಎಷ್ಟೋ ಸಲ ಅಷ್ಟೇ ಸಾಕಾಗುತ್ತದೆ. ಅಷ್ಟೂ ಆಗದ ಕೂಸಿಗೆ ಹಾಲು ಹಿಂಡಿ ಒಳಲೆಯಲ್ಲಿ ಹಾಕಬಹುದು. ಅಜ್ಜಿಯಂದಿರ ಪೆಟ್ಟಿಗೆಯಲ್ಲಿದ್ದ ಆ ಪುಟ್ಟ ಒಳಲೆ ಇವತ್ತು ದೊಡ್ಡ ಆಸ್ಪತ್ರೆಗಳ ನವಜಾತ ಶಿಶು ಘಟಕಗಳಲ್ಲೂ ಉಪಯೋಗದಲ್ಲಿದೆ. ಸೀಸೆಯ ರಬ್ಬರಿಗಿಂತ ಅದನ್ನು ತೊಳೆದು ಕುದಿಸುವುದು ಸುಲಭ. ದಿನಕ್ಕೆ ಆರು ಸಲವಾದರೂ ಉಚ್ಚೆ ಮಾಡಿ, ವಾರದಿಂದ ವಾರಕ್ಕೆ ತೂಕ ಕೂಡುತ್ತಿರುವ ಕೂಸಿಗೆ ಹಾಲು ಸಾಲುತ್ತಿದೆ ಎಂದೇ ಅರ್ಥ. ಈ ಒಂದು ಮಾತನ್ನು ಯಾರಾದರೂ ಖಚಿತವಾಗಿ ಹೇಳಿದರೆ ತಾಯಿಯ ಅರ್ಧ ಭಾರ ಇಳಿಯುತ್ತದೆ.

ಸಣ್ಣ ಕೂಸಿಗೆ ತಾಯಿಯ ಎದೆಯ ಬಿಸುಪೇ ಔಷಧ ಎಂಬುದೂ ಈಗ ಪ್ರಮಾಣಸಿದ್ಧ. ಕೊಲಂಬಿಯಾ ದೇಶದ ಬೊಗೊಟಾ ನಗರದ ಆಸ್ಪತ್ರೆಯಲ್ಲಿ 1978ರ ಸುಮಾರಿಗೆ ಎಡ್ಗರ್ ರೇ ಎಂಬ ವೈದ್ಯರು, ಶಾಖಪೆಟ್ಟಿಗೆಗಳು ಸಾಲದೆ ಹೋದಾಗ, ದಿನ ತುಂಬದ ಶಿಶುಗಳನ್ನು ತಾಯಂದಿರ ಬರಿ ಎದೆಗೆ ಕಟ್ಟಿಸಿದರು. ಕಾಂಗರೂ ಆರೈಕೆ ಎಂದು ಹೆಸರಾದ ಆ ಪದ್ಧತಿಯನ್ನು ಒಂದಿಡೀ ಜಿಲ್ಲೆಯ ಮಟ್ಟಕ್ಕೆ ಹಬ್ಬಿಸುವ ಪ್ರಯತ್ನ ನಮ್ಮದೇ ಕೊಪ್ಪಳದಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ಸಂಸ್ಥೆಯವರ ಜೊತೆಗೂಡಿ ನಡೆದಿದೆ. ಇದನ್ನು ಇಲ್ಲಿ ಹೇಳಲು ಕಾರಣವಿದೆ. ಕೂಸನ್ನು ದಿನಕ್ಕೆ ಎಂಟು ಹತ್ತು ಗಂಟೆ ಎದೆಗೆ ಕಟ್ಟಿಕೊಂಡು ಕೂರಬೇಕಾದರೆ ಆ ಹೊತ್ತು ಅವಳ ಪಾಲಿನ ಅಡುಗೆ, ಬಟ್ಟೆ, ನೀರು ಬೇರೆಯವರ ಪಾಲಾಗಬೇಕು. ಅವಳು ಊಟಕ್ಕೆ ಏಳುವಾಗ ಕೂಸನ್ನು ತನ್ನ ಎದೆಗೆ ಕಟ್ಟಿಕೊಳ್ಳಲು ಗಂಡನೋ ತಾಯಿಯೋ ಸಿದ್ಧವಿರಬೇಕು.

ಇನ್ನು ಆರನೆಯ ತಿಂಗಳು. ಅನ್ನಪ್ರಾಶನವನ್ನು ಆರನೆಯ ತಿಂಗಳಲ್ಲಿ ಮಾಡಬೇಕೆಂದು ಗೃಹ್ಯಸೂತ್ರಗಳೇ ಹೇಳಿವೆ. ಇಂದಿನ ವೈದ್ಯಶಾಸ್ತ್ರವೂ ಆರು ತಿಂಗಳು ತುಂಬಿದೊಡನೆ ಮೇಲೂಟ ಎನ್ನುತ್ತದೆ. ದೇವರ ಮುಂದೆ ಕೂರಿಸಿ, ಬೆಳ್ಳಿ ಬಟ್ಟಲಲ್ಲಿ ಪಾಯಸ ಮುಟ್ಟಿಸಿ, ಫೋಟೊ ತೆಗೆಯುವುದು ಒಂದು ದಿನದ ಸಂಭ್ರಮ. ಮಾರನೆಯ ದಿನದಿಂದ ಏನು? ಕೆಲವು ಮನೆಗಳಲ್ಲಿ ಹಲ್ಲು ಬರಲಿ ಎಂದು ಕಾಯುತ್ತಾರೆ. ಕೆಲವರು ಬೇಳೆಕಟ್ಟಿನ ನೀರು, ಅನ್ನದ ತಿಳಿಗಂಜಿ ಕೊಡುತ್ತಾರೆ. ಎಂಟು ಕಿಲೋ ಮಗುವಿನ ಹೊಟ್ಟೆ ಒಮ್ಮೆಗೆ ಹಿಡಿಯುವುದು ಸುಮಾರು 240 ಮಿಲಿಲೀಟರ್, ಒಂದು ಲೋಟದಷ್ಟು. ಅದನ್ನು ತಿಳಿನೀರಿನಿಂದ ತುಂಬಿಸಿದರೆ ಮಗುವಿನ ಹೊಟ್ಟೆ ತುಂಬುತ್ತದೆ, ಮೈ ತುಂಬುವುದಿಲ್ಲ. ಗಟ್ಟಿಯಾಗಿ ಕೊಡೋಣವೆಂದರೆ ಮಗು ನುಂಗದೆ ಉಗುಳುತ್ತದೆ. ಇದು ಎಲ್ಲ ತಾಯಂದಿರ ಗೋಳು, ಮತ್ತು ಇದು ನಿಜವಾದ ಗೋಳು.

ಇದಕ್ಕೆ ಉತ್ತರ ನಮ್ಮ ಹೊಲದಲ್ಲೇ ಇದೆ. ರಾಗಿಯನ್ನು ರಾತ್ರಿ ನೆನೆಹಾಕಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ, ಹದವಾಗಿ ಬೆಚ್ಚಗೆ ಮಾಡಿ, ಮೊಳಕೆ ಉಜ್ಜಿ ತೆಗೆದು, ಬೀಸಿ, ತೆಳುಬಟ್ಟೆಯಲ್ಲಿ ಸೋಸಿದ ಹಿಟ್ಟಿನಿಂದ ಸರಿ ಕಾಸುವುದು ನಮ್ಮ ಅಜ್ಜಿಯಂದಿರ ವಿದ್ಯೆ. ಅದರ ಗುಟ್ಟನ್ನು ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿ.ಎಫ್.ಟಿ.ಆರ್.ಐ.ನಲ್ಲಿ ಮಲ್ಲೇಶಿ ಮತ್ತು ದೇಶಿಕಾಚಾರ್ ಎಂಬ ವಿಜ್ಞಾನಿಗಳು ಪರೀಕ್ಷಿಸಿ, ಮೊಳಕೆ ರಾಗಿ ಮತ್ತು ಮೊಳಕೆ ಹೆಸರುಕಾಳಿನ ಶಿಶು ಆಹಾರವನ್ನು 1982ರಲ್ಲಿ ಪ್ರಕಟಿಸಿದರು. ಮೊಳಕೆ ಒಡೆಯುವಾಗ ಕಾಳಿನಲ್ಲಿ ಹುಟ್ಟುವ ಕಿಣ್ವ ಪಿಷ್ಟವನ್ನು ಒಡೆಯುತ್ತದೆ. ಹಾಗಾಗಿ ಹೆಚ್ಚು ಹಿಟ್ಟು ಹಾಕಿ ಕಾಸಿದರೂ ಸರಿ ಅಂಟಂಟಾಗಿ ಗಡುಸಾಗುವುದಿಲ್ಲ. ಅದೇ ಒಂದು ಬಟ್ಟಲಿನಲ್ಲಿ ಮಗುವಿಗೆ ಹೆಚ್ಚು ಅನ್ನ ಸೇರುತ್ತದೆ, ನುಂಗಲೂ ಸಲೀಸು. ನೂರು ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂ ಮೀರಿದ ಸುಣ್ಣದ ಸತ್ವವಿದೆ, ಅಕ್ಕಿಯಲ್ಲಿ ಅದರ ಹತ್ತರಲ್ಲೊಂದು ಪಾಲೂ ಇಲ್ಲ. ಸರಿಗೆ ಒಂದು ಚಮಚ ತುಪ್ಪ ಬಿಟ್ಟರೆ ನಲವತ್ತು ಕ್ಯಾಲೊರಿ ಮೇಲೆ ಕೂಡುತ್ತದೆ. ಚಿಂತಾಮಣಿ ಕಡೆಯ ಕಡಲೇಕಾಯಿಯನ್ನು ಹುರಿದು ನುಣ್ಣಗೆ ಪುಡಿ ಮಾಡಿ ಬೆರೆಸಬಹುದು. ತಿನ್ನುವ ಮನೆಯಾದರೆ ಬೇಯಿಸಿದ ಮೊಟ್ಟೆಯನ್ನು ಕಿವುಚಿ ಕೊಡಬಹುದು. ಪಪ್ಪಾಯಿ, ಕುಂಬಳ, ಬೇಯಿಸಿದ ಸೊಪ್ಪು ಯಾವುದೂ ನಮ್ಮ ಸಂತೆಗಳಿಗೆ ಅಪರೂಪವಲ್ಲ. ಚಮಚ ಓರೆ ಮಾಡಿದರೆ ಥಟ್ಟನೆ ಹರಿದು ಬೀಳದಷ್ಟು ಮಂದವಿದ್ದರೆ ಹದ ಸರಿಯಾಯಿತು. ಇದನ್ನು ಏಳೆಂಟು ತಿಂಗಳಲ್ಲಿ ದಿನಕ್ಕೆ ಎರಡು ಮೂರು ಸಲ, ಒಂಬತ್ತು ದಾಟಿದ ಮೇಲೆ ಮೂರು ನಾಲ್ಕು ಸಲ ಕೊಡಬೇಕು. ಮೊಲೆಹಾಲು ಎರಡು ವರ್ಷದವರೆಗೂ ಜೊತೆಗಿರಲಿ.

ನಮ್ಮ ಮುದ್ದೇನಹಳ್ಳಿಯ ಶ್ರೀ ಸತ್ಯಸಾಯಿ ಅನ್ನಪೂರ್ಣ ಟ್ರಸ್ಟ್ ಜೊತೆಗೂಡಿ ರಾಜ್ಯ ಸರ್ಕಾರ 2024ರ ಫೆಬ್ರುವರಿಯಿಂದ ಶಾಲೆಯ ಮಕ್ಕಳಿಗೆ ಹಾಲಿನಲ್ಲಿ ರಾಗಿ ಮಿಶ್ರಣ ಬೆರೆಸಿ ಕೊಡುತ್ತಿದೆ. ಒಳ್ಳೆಯ ಕೆಲಸ. ಆದರೆ ಶಾಲೆಯ ಬಾಗಿಲಿಗೆ ಬರುವ ಹೊತ್ತಿಗೆ ಮಗುವಿನ ಬೆಳವಣಿಗೆಯ ಬಹುದೊಡ್ಡ ಕಾಲ ಕಳೆದಿರುತ್ತದೆ. ಗರ್ಭ ನಿಂತ ದಿನದಿಂದ ಎರಡು ವರ್ಷ ತುಂಬುವವರೆಗಿನ ಸಾವಿರ ದಿನಗಳಲ್ಲಿ ಕಳೆದುಕೊಂಡ ಎತ್ತರವನ್ನು ಮುಂದೆ ಪೂರ್ತಿ ಮರಳಿಸುವುದು ಕಷ್ಟ. ಆ ಸಾವಿರ ದಿನಗಳಲ್ಲಿ ರಾಗಿ ಮಿಶ್ರಣವನ್ನು ಮಗುವಿನ ಬಾಯಿಗೆ ಮುಟ್ಟಿಸಬೇಕಾದ ಕೈ ಮನೆಯದೇ.

ಆ ಕೈಗೆ ಪುರುಸೊತ್ತು ಎಲ್ಲಿದೆ? ಎಂಟು ತಿಂಗಳ ಮಗುವಿಗೆ ಅರ್ಧ ಬಟ್ಟಲು ಸರಿ ತಿನ್ನಿಸಲು ಅರ್ಧ ಗಂಟೆ ಹಿಡಿಯುತ್ತದೆ. ಒಂದು ತುತ್ತು ಉಗುಳುತ್ತದೆ, ಒಂದು ತುತ್ತಿಗೆ ಕಾಗೆ ತೋರಿಸಬೇಕು, ಒಂದು ತುತ್ತಿಗೆ ನಿಂತು ಕಾಯಬೇಕು. ಮೂಗು ಹಿಡಿದು, ಕಾಲ ಮೇಲೆ ಮಲಗಿಸಿ ಸುರಿದರೆ ಮಗು ಅನ್ನವೆಂದರೆ ಹೆದರುವುದನ್ನು ಕಲಿಯುತ್ತದೆ. ದಿನಕ್ಕೆ ಮೂರು ಸಲವೆಂದರೆ ಒಂದೂವರೆ ಗಂಟೆಯಾಯಿತು. ಬೆಳಕು ಹರಿಯುವ ಮುಂಚೆ ಟೊಮೆಟೊ ಬಿಡಿಸಲು ಹೋಗುವವಳಿಗೆ, ನೂಲು ತೆಗೆಯುವ ಘಟಕದಲ್ಲಿ ಬಿಸಿನೀರಿನ ಮುಂದೆ ನಿಲ್ಲುವವಳಿಗೆ, ಗೌರಿಬಿದನೂರಿನಲ್ಲಿ ಗಾರ್ಮೆಂಟ್ಸ್ ವಾಹನ ಹತ್ತುವವಳಿಗೆ ಈ ಒಂದೂವರೆ ಗಂಟೆಯೇ ಎಲ್ಲಕ್ಕಿಂತ ದುಬಾರಿ ಸಾಮಾನು. ಹೆರಿಗೆ ರಜೆಯನ್ನು 26 ವಾರಕ್ಕೆ ಏರಿಸಿದ 2017ರ ತಿದ್ದುಪಡಿ ದಿನಗೂಲಿಯ ತಾಯಿಯನ್ನು ಮುಟ್ಟಲಿಲ್ಲ. ಅವಳು ಹೋದ ಮೇಲೆ ಕೂಸು ನಾಲ್ಕೈದು ವರ್ಷದ ಅಕ್ಕನ ಸೊಂಟದಲ್ಲಿರುತ್ತದೆ, ಅಂಗಡಿಯ ಬಿಸ್ಕತ್ತು ಅದರ ಮಧ್ಯಾಹ್ನದ ಊಟ. ಉದ್ಯೋಗ ಖಾತರಿ ಕೆಲಸಕ್ಕೆ ಹೋಗುವ ತಾಯಂದಿರ ಮೂರು ವರ್ಷದೊಳಗಿನ ಮಕ್ಕಳಿಗಾಗಿ ನಾಲ್ಕು ಸಾವಿರ ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ತೆರೆಯುವುದಾಗಿ 2023ರಲ್ಲಿ ರಾಜ್ಯ ಸರ್ಕಾರ ಹೇಳಿತು. ಪೋಷಣೆಯ ಹೆಸರಿನಲ್ಲಿ ಬಂದ ಯೋಜನೆಗಳಲ್ಲಿ ನನಗೆ ಬಹಳ ಹಿಡಿಸಿದ್ದು ಇದು, ಏಕೆಂದರೆ ಇದು ತಾಯಿಗೆ ಉಪದೇಶ ಕೊಡುವ ಬದಲು ಹೊತ್ತು ಕೊಡುತ್ತದೆ. ನಿಮ್ಮ ಪಂಚಾಯಿತಿಯಲ್ಲಿ ಅದು ನಡೆಯುತ್ತಿದೆಯೇ, ಬೀಗ ಬಿದ್ದಿದೆಯೇ ಎಂದು ಗ್ರಾಮಸಭೆಯಲ್ಲಿ ಒಂದು ಮಾತು ಕೇಳಿ.

ತಾಯಿಯ ತಟ್ಟೆಯ ಕಡೆಗೂ ಕಣ್ಣು ಹಾಯಿಸಬೇಕು. ಹಾಲೂಡಿಸುವ ಮೊದಲ ಆರು ತಿಂಗಳು ಹೆಂಗಸಿಗೆ ದಿನಕ್ಕೆ 600 ಕ್ಯಾಲೊರಿ ಹೆಚ್ಚು ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಲೆಕ್ಕ ಹಾಕಿದೆ. ಅದು ಹೆಚ್ಚುಕಡಿಮೆ ಇನ್ನೊಂದು ಪೂರ್ತಿ ಊಟ. ನಮ್ಮ ಮನೆಗಳಲ್ಲಿ ಸೊಸೆ ಉಣ್ಣುವುದು ಎಲ್ಲರದ್ದೂ ಆದ ಮೇಲೆ, ಪಾತ್ರೆಯ ತಳದಲ್ಲಿ ಉಳಿದದ್ದು. ಗರ್ಭಿಣಿ ಬಾಣಂತಿಯರಿಗೆ ಅಂಗನವಾಡಿಯಲ್ಲಿ ಮಧ್ಯಾಹ್ನದ ಬಿಸಿ ಊಟ, ಮೊಟ್ಟೆ, ಹಾಲು ಕೊಡುವ ಮಾತೃಪೂರ್ಣ ಯೋಜನೆ 2017ರ ಅಕ್ಟೋಬರ್ 2ರಂದು ಶುರುವಾಯಿತು. ಊಟವಿದ್ದರೂ, ಹಸುಗೂಸನ್ನು ಎತ್ತಿಕೊಂಡು ಬಿಸಿಲಲ್ಲಿ ನಡೆದುಹೋಗಿ ನಾಲ್ಕು ಜನರ ಮುಂದೆ ಕೂತು ಉಣ್ಣಲು ಎಷ್ಟೋ ಸೊಸೆಯಂದಿರಿಗೆ ಸಂಕೋಚ, ಮನೆಯವರಿಗೆ ಬಿಗುಮಾನ. ಅತ್ತೆಯಾದವರು ಮೊಮ್ಮಗುವನ್ನು ಎತ್ತಿಕೊಂಡು “ನಡಿಯಮ್ಮಾ, ನಾನೂ ಬರ್ತೀನಿ” ಎಂದು ಹೊರಟರೆ ಆ ಸಂಕೋಚ ಅಲ್ಲೇ ಮುರಿಯುತ್ತದೆ. ಮಗುವಿಗೆಂದು ಅಂಗನವಾಡಿಯಿಂದ ಮನೆಗೆ ಬರುವ ಸಾಮಗ್ರಿ ಇಡೀ ಮನೆಯ ಉಪ್ಪಿಟ್ಟಿನಲ್ಲಿ ಕರಗಿಹೋಗದಂತೆ ಬೇರೆ ಡಬ್ಬಿಯಲ್ಲಿ ಎತ್ತಿಡುವ ಅಧಿಕಾರವೂ ಅತ್ತೆಯ ಕೈಯಲ್ಲೇ ಇದೆ.

ಹೊಟ್ಟೆಯಷ್ಟೇ ಮನಸ್ಸಿನ ಮಾತೂ ಇದೆ. ಗೋವಾದಲ್ಲಿ ವಿಕ್ರಮ್ ಪಟೇಲ್ ಮತ್ತು ಸಂಗಡಿಗರು ಮಾಡಿ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೆರಿಗೆಯ ನಂತರ ಖಿನ್ನತೆಗೆ ಒಳಗಾದ ತಾಯಂದಿರ ಮಕ್ಕಳು ಆರು ತಿಂಗಳಿಗೆ ತೂಕದಲ್ಲೂ ಉದ್ದದಲ್ಲೂ ಹಿಂದೆ ಬಿದ್ದಿರುವುದು ಹೆಚ್ಚಾಗಿ ಕಂಡಿತು. ಮಗುವನ್ನು ಎತ್ತಿಕೊಳ್ಳಲೂ ಮನಸ್ಸಿಲ್ಲದೆ ಗೋಡೆ ನೋಡುತ್ತ ಕೂರುವ ಬಾಣಂತಿಯನ್ನು ಸೋಮಾರಿ ಎನ್ನುತ್ತೇವೆ, ಸನ್ನಿ ಎಂದು ಪಿಸುಗುಟ್ಟುತ್ತೇವೆ. ಅದು ಚಿಕಿತ್ಸೆಯಿರುವ ಕಾಯಿಲೆ. ನಮಗೆ ಹತ್ತಿರದ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿಯನ್ನೂ ಕೂಸನ್ನೂ ಬೇರೆ ಮಾಡದೆ ಒಟ್ಟಿಗೇ ದಾಖಲಿಸಿಕೊಂಡು ನೋಡುವ ವಿಭಾಗ 2009ರಿಂದ ಇದೆ. “ಮಗು ಯಾಕೆ ಸೊರಗಿದೆ” ಎಂಬುದಕ್ಕೆ ಮುಂಚೆ “ರಾತ್ರಿ ನಿದ್ದೆ ಬರ್ತಿದ್ಯೇನಮ್ಮಾ, ನೀನು ಊಟ ಮಾಡಿದ್ಯಾ” ಎಂದು ಕೇಳಿದರೆ ಎಷ್ಟೋ ಬಾಯಿಗಳು ತೆರೆಯುತ್ತವೆ.

ಎಲ್ಲ ಸೊರಗುವಿಕೆಯೂ ಊಟದಿಂದಲೇ ಬರುವುದಿಲ್ಲ ಎಂಬುದನ್ನೂ ಗಮನದಲ್ಲಿಡಬೇಕು. ಹಾಲು ಕುಡಿಯುವಾಗ ಕೂಸು ಏದುಸಿರು ಬಿಟ್ಟು ಬೆವರಿದರೆ ಹೃದಯದ ತೊಂದರೆಯಿರಬಹುದು. ಕುಡಿದ ಹಾಲು ಮೂಗಿನಿಂದ ಬಂದರೆ ಅಂಗುಳ ಸೀಳಿರಬಹುದು. ಸತತ ಭೇದಿ, ವಾರಗಟ್ಟಲೆ ಬಿಡದ ಕೆಮ್ಮು, ಎರಡೂ ಪಾದಗಳಲ್ಲಿ ಬಾವು, ಎರಡು ತಿಂಗಳು ಕಳೆದರೂ ಏರದ ತೂಕ, ಇವುಗಳಲ್ಲಿ ಯಾವುದನ್ನು ಕಂಡರೂ ತಾಯತ ಕಟ್ಟಿಸಿ ಕಾಯದೆ ಡಾಕ್ಟರ ಬಳಿ ಹೋಗಬೇಕು. ರಕ್ತಹೀನತೆಯಿದ್ದ ಮಗುವಿಗೆ ಹಸಿವು ಕಡಿಮೆಯಾಗಬಹುದು. ಅದಕ್ಕೆಂದೇ ಆರು ತಿಂಗಳ ಮೇಲಿನ ಮಕ್ಕಳಿಗೆ ವಾರಕ್ಕೆರಡು ಸಲ ಹಾಕುವ ಕಬ್ಬಿಣದ ಸಿರಪ್ಪನ್ನು ಆಶಾ ಅಕ್ಕನ ಬಳಿ ಕೇಳಿ ಪಡೆಯಬಹುದು. ಆಶಾ ಕಾರ್ಯಕರ್ತೆಯರು ಆಸ್ಪತ್ರೆಯಲ್ಲಿ ಹುಟ್ಟಿದ ಮಗುವನ್ನು 42 ದಿನಗಳೊಳಗೆ ಆರು ಸಲ, ಆಮೇಲೆ 3, 6, 9, 12, 15ನೆಯ ತಿಂಗಳುಗಳಲ್ಲಿ ಮನೆಗೇ ಬಂದು ನೋಡಬೇಕೆಂಬ ಕ್ರಮವಿದೆ. ಆದರೆ ಮಗು ತವರಿನ ಊರಿಂದ ಗಂಡನ ಊರಿಗೆ ಹೋಗುವುದು ಸರಿಯಾಗಿ ಆ ಮೂರು ಆರರ ನಡುವೆ. ಒಂದು ಊರಿನ ಪಟ್ಟಿಯಿಂದ ಬಿಟ್ಟು ಇನ್ನೊಂದು ಊರಿನ ಪಟ್ಟಿಗೆ ಸೇರದ ಕೂಸು ಯಾರ ಕಣ್ಣಿಗೂ ಬೀಳದೆ ಹೋಗಬಹುದು. ಮಗಳನ್ನು ಕಳಿಸಿಕೊಡುವಾಗ ಚಕ್ಕುಲಿ ಡಬ್ಬಿಯ ಜೊತೆಗೆ ತಾಯಿ ಕಾರ್ಡನ್ನೂ ಕೈಗೆ ಕೊಟ್ಟು, ಆ ಊರಿನ ಆಶಾ ಕಾರ್ಯಕರ್ತೆಗೆ ಒಂದು ಫೋನ್ ಮಾಡಿಸಿ.

ತೋಳಿನ ಸುತ್ತಳತೆ ಹನ್ನೊಂದೂವರೆ ಸೆಂಟಿಮೀಟರಿಗಿಂತ ಕಡಿಮೆಯಾಗಿ ಅಳತೆಪಟ್ಟಿ ಕೆಂಪು ತೋರಿಸಿದ ಮಗುವಿಗೆ ಆರೈಕೆ ಬೇರೆಯೇ ಬೇಕು. ಜಿಲ್ಲಾ ಆಸ್ಪತ್ರೆಗಳ ಪೌಷ್ಟಿಕ ಪುನಶ್ಚೇತನ ಕೇಂದ್ರಗಳಲ್ಲಿ ತಾಯಿ ಮಗು ಇಬ್ಬರನ್ನೂ ಸುಮಾರು ಹದಿನಾಲ್ಕು ದಿನ ಇರಿಸಿಕೊಂಡು, ಮಗುವಿಗೆ ಅಳತೆಯ ಆಹಾರ, ತಾಯಿಗೆ ಊಟ, ಕಳೆದ ಕೂಲಿಗೆ ಒಂದಿಷ್ಟು ಹಣ ಕೊಡುತ್ತಾರೆ. ಅಂಗನವಾಡಿ ಟೀಚರು ಎಷ್ಟು ಹೇಳಿದರೂ ತಾಯಂದಿರು ಹೊರಡಲು ಒಪ್ಪುವುದಿಲ್ಲ, ಹೊರಟವರು ಐದನೆಯ ದಿನಕ್ಕೇ ವಾಪಸು ಬರುತ್ತಾರೆ ಎಂಬ ದೂರು ಸಾಮಾನ್ಯ. ಮೌಢ್ಯ ಎನ್ನುವವರಿದ್ದಾರೆ. ಅವಳನ್ನೇ ಕೇಳಿ ನೋಡಿ. ಮನೆಯಲ್ಲಿ ಮೂರು ವರ್ಷದ ಇನ್ನೊಂದು ಮಗುವಿದೆ. ಹಸು ಅವಳ ಕೈಗಲ್ಲದೆ ಬೇರೆಯವರಿಗೆ ಹಾಲು ಕೊಡುವುದಿಲ್ಲ, ಡೇರಿಯ ಹಾಲು ನಿಂತರೆ ವಾರದ ಬಟವಾಡೆ ನಿಂತಿತು. ಹುಳು ನಾಲ್ಕನೆಯ ಜ್ವರದಲ್ಲಿದೆ. ಇವುಗಳಲ್ಲಿ ಒಂದಾದರೂ ಆಸ್ಪತ್ರೆಯಲ್ಲಿ ಪರಿಹಾರವಾಗುವಂಥದ್ದೇ? ದೊಡ್ಡ ಮಗುವಿಗೆ ಹದಿನಾಲ್ಕು ದಿನ ನಮ್ಮ ಮಕ್ಕಳ ಜೊತೆಗೇ ತಟ್ಟೆ ಹಾಕುವುದು, ಎರಡು ಹೊತ್ತು ಹಸುವಿಗೆ ಹುಲ್ಲು ಹಾಕಿ ಹೇಗೋ ಕರೆದು ಡೇರಿಗೆ ಹಾಕಿ ಬರುವುದು, ಹುಳುವಿಗೆ ಸೊಪ್ಪು ಹಾಕಲು ಓರಗಿತ್ತಿ ಒಪ್ಪಿಕೊಳ್ಳುವುದು, ಇಷ್ಟಾದರೆ ಒಂದು ಮಗು ಉಳಿಯುತ್ತದೆ. ಪುಣ್ಯಕ್ಷೇತ್ರಕ್ಕೆ ಹೊರಟವರ ಮನೆ ಕಾಯುವುದು ನಮ್ಮಲ್ಲಿ ಪುಣ್ಯದ ಕೆಲಸ. ಇದೂ ಆ ಲೆಕ್ಕಕ್ಕೇ ಸೇರಲಿ.

ಹೀಗೆ ಒಬ್ಬರ ಮನೆಗೆ ಇನ್ನೊಬ್ಬರು ಒದಗಬೇಕಾದರೆ ಮಾತಾಡಿಕೊಳ್ಳುವ ಜಾಗ ಬೇಕು. ಅದು ಪ್ರತಿ ಹಳ್ಳಿಯಲ್ಲೂ ಇದೆ. ವಾರಕ್ಕೊಮ್ಮೆ ಸ್ತ್ರೀಶಕ್ತಿ ಸಂಘದ ಹೆಂಗಸರು ಉಳಿತಾಯದ ಹಣ ಎಣಿಸಲು ಸೇರುತ್ತಾರೆ. ಜಾರ್ಖಂಡ್ ಮತ್ತು ಒಡಿಶಾದ ಬುಡಕಟ್ಟು ಹಳ್ಳಿಗಳಲ್ಲಿ ಏಕ್‌ಜುಟ್ ಎಂಬ ಸಂಸ್ಥೆ 2005ರಿಂದ ಮೂರು ವರ್ಷ ಇಂಥದ್ದೇ ಗುಂಪುಗಳನ್ನು ತಿಂಗಳಿಗೊಮ್ಮೆ ಕೂರಿಸಿ, ಬಸಿರು ಬಾಣಂತನ ಹಸುಗೂಸುಗಳ ತೊಂದರೆಗಳನ್ನು ಅವರ ಬಾಯಿಂದಲೇ ಹೇಳಿಸಿ, ಪರಿಹಾರವನ್ನೂ ಅವರಿಂದಲೇ ಹುಡುಕಿಸಿತು. ಆ ಹಳ್ಳಿಗಳಲ್ಲಿ ನವಜಾತ ಶಿಶುಗಳ ಸಾವು ಉಳಿದ ಹಳ್ಳಿಗಳಿಗಿಂತ ಸುಮಾರು ಮೂರನೇ ಒಂದು ಭಾಗದಷ್ಟು ಕಡಿಮೆಯಾಯಿತು. ಮೂರನೆಯ ವರ್ಷದ ಹೊತ್ತಿಗೆ ತಾಯಂದಿರ ಖಿನ್ನತೆಯೂ ಇಳಿದಿತ್ತು. ಹೊಸ ಆಸ್ಪತ್ರೆ ಕಟ್ಟಲಿಲ್ಲ, ಹೊಸ ಔಷಧ ಹಂಚಲಿಲ್ಲ. ನಮ್ಮ ಸಂಘದ ಅಕ್ಕಂದಿರು ಸಾಲದ ಪುಸ್ತಕ ಮುಚ್ಚಿದ ಮೇಲೆ, ಈ ತಿಂಗಳು ಯಾರ ಮಗುವಿನ ಗೆರೆ ಮೇಲೇರಿಲ್ಲ, ಆ ಮನೆಗೆ ನಾಳೆ ಯಾರು ಹೋಗಿ ಒಂದು ಗಂಟೆ ಕೂಸನ್ನು ಎತ್ತಿಕೊಳ್ಳುತ್ತೀರಿ ಎಂದು ಕೇಳಬಹುದು.

ಕೊನೆಯದಾಗಿ ಅಪ್ಪಂದಿರು. ಇಷ್ಟು ಹೊತ್ತು ಅತ್ತೆ, ಅಜ್ಜಿ, ಓರಗಿತ್ತಿ, ಅಕ್ಕಪಕ್ಕದವರು ಎಲ್ಲರೂ ಬಂದರು, ಅಪ್ಪನ ಹೆಸರು ಬಂದದ್ದು ಕಡಿಮೆ. ಮೊಲೆಹಾಲು ಒಂದನ್ನು ಬಿಟ್ಟರೆ ಮಗುವಿನ ಯಾವ ಊಟವೂ ಹೆಂಗಸಿನ ಕೈಯಿಂದಲೇ ಆಗಬೇಕೆಂದಿಲ್ಲ. ತಿಂಗಳ ತೂಕಕ್ಕೆ ಸಂಬಳ ಬಿಟ್ಟು ಬರಲಾಗದಿದ್ದರೂ ಸಂಜೆ ಮನೆಗೆ ಬಂದ ಮೇಲಿನ ಒಂದು ಊಟವನ್ನು ಅಪ್ಪ ವಹಿಸಿಕೊಳ್ಳಬಹುದು. ಕೈತೊಳೆದುಕೊಂಡು, ಮೊಬೈಲು ಒಳಗಿಟ್ಟು, ಮಗುವನ್ನು ಎದುರಿಗೆ ಕೂರಿಸಿಕೊಂಡು, ಅದು ಬಾಯಿ ತೆರೆಯುವವರೆಗೂ ಕಾದು ತುತ್ತಿಡುವುದು. ಮೊದಲ ವಾರ ನೆಲದ ತುಂಬ ರಾಗಿ ಸರಿ ಚೆಲ್ಲುತ್ತದೆ, ಅರ್ಧ ಬಟ್ಟಲು ಹಾಗೇ ಉಳಿಯುತ್ತದೆ. ಎರಡನೆಯ ವಾರ ಮಗುವಿಗೆ ಅಪ್ಪನ ಕೈ ಗುರುತಾಗುತ್ತದೆ. ಆ ಅರ್ಧ ಗಂಟೆ ತಾಯಿ ಕೂತು ತನ್ನ ಊಟವನ್ನು ಬಿಸಿಯಿರುವಾಗಲೇ ಮಾಡಲಿ.